ಒಂದು ಪಂದ್ಯಕ್ಕೆ ಒಂದು ಗುಂಡು: ಹೊಡೆದ ಪೆಲೆಟ್‌ನಿಂದ ಗಾಳದ ತೂಕ ಎರಕ ಹೊಯ್ಯುವುದು

ನನ್ನ ತಂಗಿ ಮಗಳು ಏರ್ ರೈಫಲ್ ಹೊಡೆಯುತ್ತಾಳೆ. ನಾನು ಭಾನುವಾರ ಬಂದರೆ ಗಾಳ ಹಾಕಲು ಹೋಗುತ್ತೇನೆ. ಇಬ್ಬರಿಗೂ ಬೇಕಾದ್ದು ಸೀಸ. ಅವಳ ರೈಫಲ್ಲಿನಿಂದ ಗಾಳಿಯ ಒತ್ತಡಕ್ಕೆ ಹಾರುವ ಪುಟ್ಟ ಸೀಸದ ಕಾಳಿಗೆ ಪೆಲೆಟ್ ಅಂತಾರೆ. ಅವಳು ಹೊಡೆದು ಚಪ್ಪಟೆ ಮಾಡಿದ ಪೆಲೆಟ್‌ಗಳನ್ನು ನಾನು ಕರಗಿಸಿ, ಗಾಳದ ದಾರಕ್ಕೆ ಕಟ್ಟುವ ಗುಂಡು ಮಾಡಿಕೊಳ್ಳುತ್ತೇನೆ.

ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. 10 ಮೀಟರ್ ಏರ್ ರೈಫಲ್ ಪಂದ್ಯದಲ್ಲಿ 60 ಹೊಡೆತ. ಅವಳು ಬಳಸುವ 4.5 ಮಿ.ಮೀ. ಪೆಲೆಟ್ ಒಂದೊಂದೂ 0.53 ಗ್ರಾಂ. ಅರವತ್ತಕ್ಕೆ 31.8 ಗ್ರಾಂ. ಕರಗಿಸುವಾಗ ಕಿಟ್ಟ ಅಂತ ಸ್ವಲ್ಪ ಹೋಗುತ್ತದೆ. ಉಳಿದದ್ದು 30 ಗ್ರಾಂನ ಒಂದು ಗುಂಡಿಗೆ ಸರಿಹೋಗುತ್ತದೆ. ಒಂದು ಪಂದ್ಯಕ್ಕೆ ಒಂದು ಗುಂಡು. ಪ್ರಾಕ್ಟೀಸಿನಲ್ಲಿ ದಿನಕ್ಕೆ ನೂರು ಹೊಡೆದರೆ, ತಿಂಗಳಲ್ಲಿ 25 ದಿನಕ್ಕೆ 1.3 ಕೆಜಿ ದಾಟುತ್ತದೆ. ಬರೀ ಒಂದು ಹುಡುಗಿಯದು!

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಗುಂಡು ಅಂದರೆ ಕಷ್ಟ. ನಾನು ಮನೆಯಲ್ಲಿ ಗುಂಡು ಮಾಡುತ್ತೇನೆ ಅಂತ ಸುದ್ದಿ ಹರಡಿದಾಗ ಬೀದಿಯಲ್ಲಿ ಅರ್ಧ ಜನ ಸಂಜೆ ಹೊತ್ತು ಲೋಟ ಹಿಡಿದು ಬರುವವರ ಹಾಗೆ ನೋಡಿದರು. ಉಳಿದರ್ಧ ಜನ ಪೊಲೀಸರು ಯಾವಾಗ ಬರುತ್ತಾರೆ ಅಂತ ನೋಡಿದರು. ನಾನು ಮಾಡುವುದು ಎರಡೂ ಅಲ್ಲ. ಬಂದೂಕಿನ ಮದ್ದುಗುಂಡನ್ನು ಪರವಾನಗಿ ಇಲ್ಲದೆ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಆ ಗೊಡವೆಗೆ ಹೋಗಬೇಡಿ. ಇದು ಮೀನು ಹಿಡಿಯುವವರ ಗುಂಡು.

"ಮಾವ, ಕರಗಿಸಿ ಮತ್ತೆ ಪೆಲೆಟ್ಟೇ ಮಾಡಕ್ಕಾಗಲ್ವಾ? ಡಬ್ಬಿ ದುಡ್ಡಾದ್ರೂ ಉಳಿಯುತ್ತೆ" ಅಂತ ಅವಳೂ ಕೇಳಿದ್ದಳು. ಆಗಲ್ಲಮ್ಮ ಅಂದೆ. ನಾನು ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ 34 ವರ್ಷ ಕೆಲಸ ಮಾಡಿದವನು. ಆ ಪೆಲೆಟ್ಟನ್ನು ಮೈಕ್ರೋಮೀಟರಿನಲ್ಲಿ ಹಿಡಿದಾಗಲೇ ಗೊತ್ತಾಯಿತು. ಮ್ಯಾಚ್ ಪೆಲೆಟ್‌ಗಳ ತಲೆ 4.49, 4.50, 4.51 ಅಂತ ನೂರರಲ್ಲೊಂದು ಮಿಲಿಮೀಟರ್ ವ್ಯತ್ಯಾಸದಲ್ಲಿ ಬರುತ್ತದೆ. ತನ್ನ ರೈಫಲ್ಲಿಗೆ ಯಾವುದು ಒಪ್ಪುತ್ತದೆ ಅಂತ ಪರೀಕ್ಷೆ ಮಾಡಿ ಕೊಳ್ಳುತ್ತಾಳೆ. ಗುರಿಯ ಮಧ್ಯದ ಹತ್ತರ ಚುಕ್ಕೆಯೇ ಅರ್ಧ ಮಿ.ಮೀ. ಮತ್ತೆ ಅಷ್ಟು ನಾಜೂಕು ಬೇಕಲ್ವಾ? ಅದೂ ಅಲ್ಲದೆ ಪೆಲೆಟ್ ಎರಕದ ಮಾಲಲ್ಲ. ಸೀಸದ ತಂತಿಯನ್ನು ತುಂಡು ಮಾಡಿ, ಡೈ ಅನ್ನುವ ಗಟ್ಟಿ ಅಚ್ಚಿನಲ್ಲಿಟ್ಟು ಒತ್ತಿ ಮಾಡುತ್ತಾರೆ. ಹಿಂದಿನ ಲಂಗದಂಥ ತೆಳು ಅಂಚು ಮನೆಯ ಎರಕದಲ್ಲಿ ಬರುವ ಮಾತೇ ಇಲ್ಲ. ಮೀನಿಗೆ ಮಾತ್ರ ಅರ್ಧ ಗ್ರಾಂ ಹೆಚ್ಚುಕಮ್ಮಿ ಆದರೂ ಬೇಜಾರಿಲ್ಲ.

ಪೆಲೆಟ್ ಸಿಗುವುದು ಗುರಿಯ ಹಿಂದಿನ ಟ್ರ್ಯಾಪ್ ಪೆಟ್ಟಿಗೆಯಲ್ಲಿ. ಕೋಚ್ ಹತ್ತಿರ ಕೇಳಿಯೇ ತರುತ್ತೇನೆ. ಪೆಟ್ಟಿಗೆಯೊಳಗೆ ಸೀಸದ ಬಿಲ್ಲೆಗಳ ಜೊತೆ ಗುರಿಯ ಕಾಗದದ ಚೂರುಗಳು, ಬೂದಿಯಂಥ ಸಣ್ಣ ಧೂಳು ಇರುತ್ತದೆ. ಆ ಧೂಳೂ ಸೀಸವೇ. ಪೆಟ್ಟಿಗೆಯನ್ನು ಧಬಧಬ ಅಂತ ಕೊಡವಬೇಡಿ. ಮಾಸ್ಕ್, ಕೈಗವಸು ಹಾಕಿಕೊಂಡು ಮೆಲ್ಲಗೆ ಡಬ್ಬಿಗೆ ಸುರಿದುಕೊಳ್ಳಿ. ಏರ್ ರೈಫಲ್ ರೇಂಜಿನದು ಮಾತ್ರ ತನ್ನಿ. ಕಾರ್ಟ್ರಿಜ್, ಅಂದರೆ ಮದ್ದು ತುಂಬಿದ ತೋಟಾ, ಹೊಡೆಯುವ ರೇಂಜಿನ ಕಸದಲ್ಲಿ ಸಿಡಿಯದ ಕಾರ್ಟ್ರಿಜ್ ಒಂದು ಸೇರಿಕೊಂಡಿದ್ದರೂ ಬಾಣಲೆಯಲ್ಲಿ ಅದು ಏನು ಮಾಡುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪೆಲೆಟ್ ಸಿಗದವರು ಟಯರ್ ಅಂಗಡಿಯ ವ್ಹೀಲ್ ಬ್ಯಾಲೆನ್ಸಿಂಗ್ ತೂಕಗಳನ್ನು ಕರಗಿಸುತ್ತಾರೆ. ಆಗಬಹುದು, ಆದರೆ ಈಗ ಅದರಲ್ಲಿ ಸತುವಿನದು, ಕಬ್ಬಿಣದ್ದು ಎಲ್ಲ ಬೆರೆತಿರುತ್ತದೆ. ಉಗುರಿನಿಂದ ಗೀರಿ ನೋಡಿ. ಗೆರೆ ಬಿದ್ದರೆ ಮೆತ್ತನೆಯ ಸೀಸ. ಸೀಸ 327 ಡಿಗ್ರಿಗೆ ಕರಗುತ್ತದೆ, ಸತು 420ರ ಹತ್ತಿರ. ಶಾಖ ಕಡಿಮೆ ಇಟ್ಟರೆ ಸತುವಿನ ತುಂಡು ಮೇಲೆ ತೇಲುತ್ತದೆ, ಎತ್ತಿ ಬಿಸಾಡಬಹುದು. ಅದೂ ಕರಗಿ ಬೆರೆತರೆ ಪೂರ್ತಿ ಬಾಣಲೆ ಕೆಟ್ಟಿತು. ಗಂಜಿಯ ಹಾಗೆ ಮುದ್ದೆಯಾಗಿ ಅಚ್ಚಿಗೆ ಇಳಿಯುವುದೇ ಇಲ್ಲ. ಹಳೇ ಬ್ಯಾಟರಿಯ ತಟ್ಟೆಯನ್ನಂತೂ ಯಾರು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಆಮ್ಲ, ವಿಷದ ಹೊಗೆ ಎರಡೂ ಅದರಲ್ಲಿದೆ.

ಈಗ ನನ್ನ ಚಾವಣಿಯ ಕಥೆ. ನಮ್ಮ ಮನೆ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ. ತಾರಸಿಯ ಮೇಲೆ ಶೀಟ್ ಹೊದಿಸಿದ ಒಂದು ಜಾಗ, ಮೂರು ಕಡೆ ಗಾಳಿ. ಮೊದಮೊದಲು ನಾನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅಚ್ಚು ಮಾಡಿಕೊಂಡೆ. ಎರಡು ದಿನ ಒಣಗಿಸಿದ್ದೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಸೌಟಿನಿಂದ ಸೀಸ ಸುರಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅಚ್ಚಿನ ಬಾಯಿಂದ ಗುಳುಗುಳು ಅಂತ ಸದ್ದು, ಹಿಂದೆಯೇ ಟಪ್ ಅಂತ ಇಡೀ ಸೀಸ ಮೇಲಕ್ಕೆ ಹಾರಿತು. ನಾನು ಪಕ್ಕಕ್ಕೆ ನಿಂತಿದ್ದೆ, ಮುಖಕ್ಕೆ ಪ್ಲಾಸ್ಟಿಕ್ ಕವಚ ಇತ್ತು, ಬಚಾವಾದೆ. ಪ್ಲಾಸ್ಟರಿನ ಒಳಗೆ ಉಳಿದ ನೀರು ಹಬೆಯಾಗಿ ಸೀಸವನ್ನು ಒದ್ದಿತ್ತು. ಶೀಟಿನ ಒಳಮೈಗೆ ಅಂಟಿಕೊಂಡ ಬೆಳ್ಳಿ ಬಣ್ಣದ ಹನಿಗಳು ಇವತ್ತಿಗೂ ಅಲ್ಲೇ ಇವೆ. ಕೆರೆದು ತೆಗೆಯಬಹುದಿತ್ತು. ತೆಗೆದಿಲ್ಲ. ಒಲೆ ಹಚ್ಚುವ ಮುಂಚೆ ತಲೆ ಎತ್ತಿ ಒಮ್ಮೆ ನೋಡುತ್ತೇನೆ.

ಹಾಗಾಗಿ ಈ ಕೆಲಸದಲ್ಲಿ ನಾನು ಕಿರಿಕಿರಿ ಮಾಡುವುದು ನೀರಿನ ವಿಷಯಕ್ಕೇ ಜಾಸ್ತಿ. ಪೆಲೆಟ್‌ಗಳನ್ನು ಎರಡು ದಿನ ಬಿಸಿಲಿಗಿಟ್ಟು ಒಣಗಿಸಿ. ಸೌಟು, ಕಲಕುವ ಚಮಚ, ಅಚ್ಚು ಎಲ್ಲವನ್ನೂ ಒಲೆಯ ಬದಿಯಲ್ಲಿಟ್ಟು ಬಿಸಿ ಮಾಡಿದ ಮೇಲೇ ಸೀಸಕ್ಕೆ ತಾಗಿಸಿ. ಬಾಣಲೆ ತಣ್ಣಗಿರುವಾಗಲೇ ಪೆಲೆಟ್ ತುಂಬಿ, ಆಮೇಲೆ ಒಲೆ ಹಚ್ಚಿ. ಕರಗಿದ ಸೀಸಕ್ಕೆ ತಣ್ಣನೆಯದನ್ನು ಮೇಲಿಂದ ಹಾಕಬೇಡಿ. ಹಣೆಯ ಬೆವರು, ಕೆಮ್ಮಿದ ಉಗುಳು, ಪಕ್ಕದಲ್ಲಿಟ್ಟ ನೀರಿನ ಬಾಟಲಿ, ಎಲ್ಲವೂ ದೂರ. ಇನ್ನು ಬೆಂಗಳೂರಿನ ಏಪ್ರಿಲ್, ಮೇ ಮಳೆ ಹೇಳಿ ಕೇಳಿ ಬರುವುದಿಲ್ಲ. ನಾನು ವರ್ಷದ ಎರಕವನ್ನೆಲ್ಲ ಜನವರಿಯಲ್ಲಿ ಮುಗಿಸುತ್ತೇನೆ. ಫೆಬ್ರವರಿ ಹೊತ್ತಿಗೆ ಪಕ್ಕದ ಮನೆಯವರು ತಾರಸಿ ಮೇಲೆ ಸಂಡಿಗೆ, ಹಪ್ಪಳ ಒಣಹಾಕಲು ಶುರು ಮಾಡುತ್ತಾರೆ. ಅವರ ಸಂಡಿಗೆ ಮೇಲೆ ನನ್ನ ಹೊಗೆ ಹೋಗಬಾರದು.

ಪಾತ್ರೆ ಕಬ್ಬಿಣದ್ದೇ ಇರಲಿ. ಅಲ್ಯೂಮಿನಿಯಂ ಬೇಡ, ನೇರ ಉರಿಗೆ ಅದು ಸೋಲುತ್ತದೆ. ನನ್ನದು ಗುಜರಿಯಲ್ಲಿ ಸಿಕ್ಕ ದಪ್ಪ ತಳದ ಸಣ್ಣ ಬಾಣಲೆ. ಮೂರು ಕೆಜಿ ಸೀಸ ಅಂದರೆ ಒಂದು ದೊಡ್ಡ ಲೋಟದಷ್ಟೇ ಜಾಗ ಹಿಡಿಯುತ್ತದೆ, ಆದ್ದರಿಂದ ಪಾತ್ರೆ ದೊಡ್ಡದು ಬೇಡ, ಒಲೆಯ ಕಾಲು ಗಟ್ಟಿ ಬೇಕು. ಸುರಿಯಲು ಒಗ್ಗರಣೆ ಸೌಟು. ಅದರ ಅಂಚನ್ನು ಇಕ್ಕಳದಿಂದ ಬಗ್ಗಿಸಿ ಮೂತಿ ಮಾಡಿಕೊಂಡಿದ್ದೇನೆ. ಸೀಸಕ್ಕೆ ಒಮ್ಮೆ ಬಳಸಿದ ಯಾವ ಪಾತ್ರೆಯೂ ಅಡುಗೆಮನೆಗೆ ವಾಪಸ್ ಹೋಗುವ ಹಾಗಿಲ್ಲ. ಅದು ತವರಿಂದ ತಂದ ಸೌಟು ಅಂತ ನನ್ನ ಹೆಂಡತಿ ಇವತ್ತಿಗೂ ನೆನಪಿಸುತ್ತಾಳೆ. ತವರಿನದು ಸೀಸಕ್ಕೆ ಹೋಯಿತು ಅಂತ ನಾನು ಒಮ್ಮೆ ಹಾಸ್ಯ ಮಾಡಿದೆ. ನಗಲಿಲ್ಲ.

ಬಟ್ಟೆ ಹತ್ತಿಯದ್ದು. ಪಾಲಿಯೆಸ್ಟರ್ ಆದರೆ ಹನಿ ಬಿದ್ದ ಕಡೆ ಕರಗಿ ಚರ್ಮಕ್ಕೆ ಅಂಟುತ್ತದೆ. ತುಂಬು ತೋಳು, ಚರ್ಮದ ಕೈಗವಸು, ಶೂ. ಪ್ಯಾಂಟ್ ಶೂ ಮೇಲೆ ಇಳಿಬಿದ್ದಿರಲಿ, ಒಳಗೆ ಸಿಕ್ಕಿಸಬೇಡಿ. ಮುಖಕ್ಕೆ ಕವಚ ಇಲ್ಲದಿದ್ದರೆ ಅವತ್ತು ಎರಕ ಇಲ್ಲ.

ಅಚ್ಚಿನ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನನಗೆ ಇಷ್ಟದ ಭಾಗ ಇದು. ಪ್ಲಾಸ್ಟರ್ ಬಿಟ್ಟ ಮೇಲೆ ಎರಡು ಅಲ್ಯೂಮಿನಿಯಂ ಬಿಲ್ಲೆ ತಂದು, ಒಂದಕ್ಕೊಂದು ಮುಖ ಕೂರುವ ಹಾಗೆ ಉಜ್ಜಿ, ಅವು ಜರುಗದ ಹಾಗೆ ಎರಡು ಡೋವೆಲ್ ಪಿನ್ ಹಾಕಿದೆ. ಹಳೇ ಸ್ನೇಹಿತನ ವರ್ಕ್‌ಶಾಪಿನ ಮಿಲ್ಲಿಂಗ್ ಮೆಷಿನ್ನಿನಲ್ಲಿ ಎರಡರಲ್ಲೂ ಅರ್ಧರ್ಧ ಮೊಟ್ಟೆಯ ಆಕಾರ ಕೊರೆದೆವು. ಅಳತೆ ಹೀಗೆ: ಸೀಸದ ಸಾಂದ್ರತೆ 11.3. ಅಂದರೆ 30 ಗ್ರಾಂಗೆ ಸುಮಾರು 2.65 ಘನ ಸೆಂಟಿಮೀಟರ್ ಜಾಗ ಬೇಕು. ಉದ್ದ 27 ಮಿ.ಮೀ., ನಡುವಿನ ದಪ್ಪ 14 ಮಿ.ಮೀ. ಇಟ್ಟರೆ ಮೊಟ್ಟೆಯ ಆಕಾರಕ್ಕೆ 2.77 ಬರುತ್ತದೆ. ದಾರ ಹೋಗುವ ತೂತಿಗೆ 2 ಮಿ.ಮೀ. ಕಳೆದರೆ 30 ಗ್ರಾಂನ ಆಚೀಚೆ. ತೂತಿಗೆ ನಾನು ಇಡುವುದು ಸೈಕಲ್ ಚಕ್ರದ ಕಡ್ಡಿಯ ತುಂಡು. ಅಚ್ಚಿನ ಎರಡು ತುದಿಯಲ್ಲಿ ಕಡ್ಡಿ ಕೂರಲು ಸಣ್ಣ ತೋಡು ಇರಬೇಕು. ಮೇಲೆ ಸೀಸ ಸುರಿಯುವ ಬಾಯಿ, ಆಲಿಕೆಯ ಹಾಗೆ ಅಗಲ. ಒಳಗಿನ ಗಾಳಿ ಹೋಗಲು ಮುಖದ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳು. ಗೀರು ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಗುಂಡಿನ ಭುಜ ತುಂಬುವುದಿಲ್ಲ. ಆಳವಾದರೆ ಸೀಸವೇ ಹರಿದು ಮೀಸೆ ಬರುತ್ತದೆ. ಅಚ್ಚಿಗೆ ಮರದ ಹಿಡಿ ಇರಲಿ.

ಮಿಲ್ಲಿಂಗ್ ಮೆಷಿನ್ ಸಿಗದವರು ರೆಡಿ ಅಚ್ಚು ಕೊಳ್ಳುವುದೇ ವಾಸಿ. ಪ್ಲಾಸ್ಟರ್ ಬೇಡ ಅಂತ ನಾನು ಮತ್ತೆ ಹೇಳಲೇ?

ಹೊಸ ಅಚ್ಚಿನಲ್ಲಿ ಎಣ್ಣೆ ಅಂಶ ಇರುತ್ತದೆ. ಸೋಪಿನಿಂದ ತೊಳೆದು, ಚೆನ್ನಾಗಿ ಬಿಸಿ ಮಾಡಿ ಒಣಗಿಸಿ. ಆಮೇಲೆ ಒಳಗೆ ಮಸಿ ಹಿಡಿಸಬೇಕು. ಮೇಣದಬತ್ತಿಯಲ್ಲಿ ಹಿಡಿಸುವವರಿದ್ದಾರೆ. ನಾನು ಕರ್ಪೂರ ಹಚ್ಚುತ್ತೇನೆ. ಅಜ್ಜಿ ಕಾಡಿಗೆ ಮಾಡುತ್ತಿದ್ದ ಹಾಗೆ, ಉರಿಯ ಮೇಲೆ ಅಚ್ಚನ್ನು ಬೋರಲಾಗಿ ಹಿಡಿದರೆ ಒಣ ಮಸಿ ತೆಳ್ಳಗೆ ಕೂರುತ್ತದೆ. ಕಡ್ಡಿಗೂ ಮಸಿ. ಆಗ ಗುಂಡು ಕಚ್ಚಿಕೊಳ್ಳದೆ ಬಿಡುತ್ತದೆ.

ಈಗ ಒಲೆ ಹಚ್ಚಿ. ಮೊದಲು ಕಾಗದದ ಚೂರುಗಳು ಹೊಗೆಯಾಡುತ್ತವೆ. ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ನಿಲ್ಲಿ. ಹತ್ತು ಹದಿನೈದು ನಿಮಿಷಕ್ಕೆ ಬಾಣಲೆಯ ತಳದಲ್ಲಿ ಒಂದು ಕಡೆ ಪೆಲೆಟ್‌ಗಳು ಕುಸಿಯುತ್ತವೆ. ಆಮೇಲೆ ಎಲ್ಲವೂ ಬೇಗ ಬೇಗ ಇಳಿದು, ಮೇಲೆ ಬೂದು ಬಣ್ಣದ ಕಸ ತೇಲುತ್ತದೆ. ಬಟಾಣಿ ಕಾಳಿನಷ್ಟು ಮೇಣ ಹಾಕಿ. ಭಗ್ ಅಂತ ಉರಿ ಹತ್ತುತ್ತದೆ, ಹೆದರಬೇಡಿ, ಮುಖ ದೂರ ಇರಲಿ. ಉರಿಯುವಾಗಲೇ ಬಿಸಿ ಚಮಚದಿಂದ ತಳ ಕೆರೆದು ಕಲಕಿ. ಮೇಣ ಒಳ್ಳೆಯ ಸೀಸವನ್ನು ಕಸದಿಂದ ಬಿಡಿಸಿ ಕೆಳಕ್ಕೆ ಕಳಿಸುತ್ತದೆ. ಉಳಿದ ಪುಡಿಯೇ ಕಿಟ್ಟ. ಅದನ್ನು ಮೆಲ್ಲಗೆ ಎತ್ತಿ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ. ಕಿಟ್ಟ ತೆಗೆದಾಗ ಕೆಳಗೆ ಕಾಣುವ ಸೀಸ ಕನ್ನಡಿಯ ಹಾಗೆ. ಶೀಟಿನ ಹನಿಗಳು ಅದರಲ್ಲಿ ಕಾಣುತ್ತವೆ.

ಶಾಖ 370ರಿಂದ 400 ಡಿಗ್ರಿ ಸಾಕು. ಎಸ್.ಪಿ. ರೋಡಿನಲ್ಲಿ ಥರ್ಮೋಕಪಲ್ (ಸೀಸದೊಳಗೆ ಅದ್ದಿ ಶಾಖ ಅಳೆಯುವ ಕಡ್ಡಿ) ಇರುವ ಮೀಟರ್ ಸಿಗುತ್ತದೆ, ಅದನ್ನೇ ತನ್ನಿ. ಜ್ವರ ನೋಡುವ ಹಾಗೆ ದೂರದಿಂದ ತೋರಿಸುವ ಇನ್‌ಫ್ರಾರೆಡ್ ಮೀಟರ್ ಹೊಳೆಯುವ ಸೀಸದ ಮೇಲೆ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ಮೀಟರ್ ಇಲ್ಲದಿದ್ದರೂ ಕಣ್ಣಿಗೆ ಒಂದು ಗುರುತಿದೆ. ಕಿಟ್ಟ ತೆಗೆದ ಕೂಡಲೇ ಮೇಲ್ಮೈಯಲ್ಲಿ ಹಳದಿ, ನೇರಳೆ ಬಣ್ಣದ ಪೊರೆ ಸರಸರ ಕಟ್ಟಿದರೆ ಶಾಖ ಜಾಸ್ತಿ ಆಗಿದೆ. ಉರಿ ಇಳಿಸಿ.

ಸುರಿಯುವುದು ಒಂದೇ ಉಸಿರಿನಲ್ಲಿ ಆಗಬೇಕು. ಸೌಟನ್ನು ಸೀಸದೊಳಗೆ ಅರ್ಧ ನಿಮಿಷ ಮುಳುಗಿಸಿಟ್ಟು ಬಿಸಿಯಾಗಲು ಬಿಡಿ. ಬೇಕಾದ್ದಕ್ಕಿಂತ ಜಾಸ್ತಿ ತುಂಬಿಕೊಳ್ಳಿ. ಮೂತಿಯನ್ನು ಅಚ್ಚಿನ ಬಾಯಿಯ ಹತ್ತಿರ ತಂದು, ನಿಲ್ಲಿಸದೆ, ಬಾಯಿ ತುಂಬಿ ಮೇಲೆ ಸಣ್ಣ ಗುಡ್ಡೆ ನಿಲ್ಲುವವರೆಗೆ ಸುರಿಯಿರಿ. ಈಗ ಆ ಗುಡ್ಡೆಯನ್ನೇ ನೋಡುತ್ತಿರಿ. ಮೊದಲು ಪಾದರಸದ ಹಾಗೆ ನಡುಗುತ್ತದೆ. ಆಮೇಲೆ ಮಧ್ಯದಲ್ಲಿ ಒಂದು ಗುಳಿ ಬೀಳುತ್ತದೆ. ಒಳಗಿನ ಸೀಸ ಗಟ್ಟಿಯಾಗುತ್ತಾ ಕುಗ್ಗಿ, ಮೇಲಿಂದ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಗುಡ್ಡೆ ಕಮ್ಮಿ ಬಿಟ್ಟಿದ್ದರೆ ಈ ಗುಳಿ ಗುಂಡಿನೊಳಗೇ ಇಳಿಯುತ್ತದೆ. ಕೊನೆಗೆ ಹೊಳಪು ಹೋಗಿ ಇದ್ದಕ್ಕಿದ್ದ ಹಾಗೆ ಮಂಕಾಗುತ್ತದೆ. ಅಲ್ಲಿಂದ ಮನಸ್ಸಿನಲ್ಲೇ ಹದಿನೈದು ಎಣಿಸಿ. ಅಚ್ಚು ಬಿಡಿಸಿ, ಒಣ ಬಟ್ಟೆಯ ಮೇಲೆ ಬೀಳಿಸಿ. ಗುಂಡು ಬೆಚ್ಚಗಿರುವಾಗಲೇ ಕಡ್ಡಿಯನ್ನು ಇಕ್ಕಳದಿಂದ ಹಿಡಿದು, ತಿರುಗಿಸುತ್ತಾ ಎಳೆಯಿರಿ. ಪೂರ್ತಿ ತಣ್ಣಗಾದ ಮೇಲೆ ಎಳೆಯಲು ಹೋದರೆ ಗುಂಡಿನ ಜೊತೆ ಕುಸ್ತಿಯೇ.

ಮೊದಲ ನಾಲ್ಕೈದು ಗುಂಡು ಅಜ್ಜನ ಕೆನ್ನೆಯ ಹಾಗೆ ಸುಕ್ಕಾಗಿ ಬರುತ್ತವೆ. ಅಚ್ಚು ಇನ್ನೂ ಬಿಸಿಯಾಗಿಲ್ಲ ಅಷ್ಟೇ. ಪಕ್ಕಕ್ಕಿಟ್ಟು ಮುಂದಿನ ಸಲ ಕರಗಿಸಿ. ಅಚ್ಚು ಜಾಸ್ತಿ ಕಾದರೆ ಗುಂಡಿನ ಮೈ ಮಂಜು ಹಿಡಿದ ಗಾಜಿನ ಹಾಗೆ ಬೆಳ್ಳಗೆ ಬರುತ್ತದೆ. ತೂಕಕ್ಕೆ ತೊಂದರೆ ಇಲ್ಲ, ಒಂದೆರಡು ನಿಮಿಷ ಅಚ್ಚು ತೆರೆದಿಡಿ. ನೀರಿನಲ್ಲಿ ಅದ್ದಿ ತಣ್ಣಗೆ ಮಾಡುವ ಯೋಚನೆ ಮಾತ್ರ ಬೇಡ.

ಗುಂಡಿನ ಬಾಲವನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ತೂತಿನ ಎರಡೂ ಬಾಯಿಗೆ ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಎರಡು ಸುತ್ತು ತಿರುಗಿಸಿ, ಚೂಪು ಅಂಚು ಹೋಗಲಿ. ಈ ಒಂದು ಕೆಲಸ ಬಿಟ್ಟದ್ದಕ್ಕೆ ನಾನು ಒಂದು ಒಳ್ಳೆಯ ಕಾಟ್ಲಾ ಕಳೆದುಕೊಂಡಿದ್ದೇನೆ. ದಾರ ಕಡಿದುಹೋಗಿತ್ತು, ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ. ಅರ ಹಾಕಿ ಉಜ್ಜಬೇಡಿ, ಧೂಳು ಏಳುತ್ತದೆ.

ಸೀಸದಲ್ಲಿ ಹೊಗೆಗಿಂತ ಜಾಸ್ತಿ ಹೆದರಬೇಕಾದ್ದು ಆ ಧೂಳಿಗೆ, ಕಿಟ್ಟಕ್ಕೆ. ಈ ಶಾಖದಲ್ಲಿ ಸೀಸ ಆವಿಯಾಗುವುದು ತೀರಾ ಕಡಿಮೆ. ಕೈಗೆ ಅಂಟಿದ ಪುಡಿ ಬಾಯಿಗೆ ಹೋಗುವುದೇ ದಾರಿ. ನಮ್ಮ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರನ್ನು ಭಾರತದ ಲೆಡ್ ಮ್ಯಾನ್ ಅಂತಲೇ ಕರೆಯುತ್ತಾರೆ. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತಲ್ಲ, ಅದಕ್ಕಾಗಿ ದನಿ ಎತ್ತಿದವರಲ್ಲಿ ಅವರೂ ಒಬ್ಬರು. ಮಕ್ಕಳ ಮೆದುಳಿಗೆ ಸೀಸ ಎಷ್ಟು ಕೆಟ್ಟದ್ದು ಅನ್ನುವುದು ಅವರ ಮಾತುಗಳನ್ನು ಓದಿದ ಮೇಲೇ ನನ್ನ ತಲೆಗೆ ಹೋದದ್ದು. ಅಲ್ಲಿಂದ ಎರಕದ ದಿನ ಮಕ್ಕಳು, ಬಸುರಿಯರು ತಾರಸಿ ಹತ್ತುವ ಹಾಗಿಲ್ಲ. ನಾನು ಆ ಬಟ್ಟೆಯಲ್ಲಿ ಮನೆಯೊಳಗೆ ಬರುವುದಿಲ್ಲ. ಬಟ್ಟೆ ಬೇರೆಯಾಗಿಯೇ ಒಗೆಯುತ್ತೇನೆ. ಕೈ ಸೋಪು ಹಾಕಿ ಎರಡು ಸಲ, ಉಗುರಿನ ಸಂದಿಗೆ ಬ್ರಷ್. ಅದಾಗುವವರೆಗೆ ಕಾಫಿ ಇಲ್ಲ, ಎಲೆಯಡಿಕೆ ಇಲ್ಲ. ಗುಡಿಸುವುದೂ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಅದೂ ಒಲೆ ಬಾಣಲೆ ತಣ್ಣಗಾದ ಮೇಲೆ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸುತ್ತೇನೆ. ಕಿಟ್ಟದ ಡಬ್ಬಿ ಮೋರಿಗೂ ಹೋಗುವುದಿಲ್ಲ, ಕಸದ ಗಾಡಿಗೂ ಹೋಗುವುದಿಲ್ಲ. ತುಂಬಿದ ಮೇಲೆ ಬ್ಯಾಟರಿ ಮರುಬಳಕೆಗೆ ಪರವಾನಗಿ ಇರುವವರ ಕೈಗೆ.

ತಂಗಿ ಮಗಳಿಗೂ ಇದೇ ಪಾಠ. ಪೆಲೆಟ್ ಮುಟ್ಟಿದ ಕೈಯಲ್ಲಿ ಚಿಪ್ಸ್ ತಿನ್ನುತ್ತಿದ್ದಳು. ಈಗ ಇಲ್ಲ.

ಇನ್ನೊಂದು. ಒಂದೆರಡು ಗ್ರಾಂನ ಚಿಕ್ಕ ಗುಂಡು ಮಾಡಿಕೊಡಿ ಅಂತ ಗಾಳದ ಸ್ನೇಹಿತರು ಕೇಳುತ್ತಾರೆ. ನಾನು ಮಾಡುವುದಿಲ್ಲ. ಕೆರೆ ತಳದಲ್ಲಿ ಬಿದ್ದ ಚಿಕ್ಕ ಗುಂಡನ್ನು ಹಕ್ಕಿಗಳು ಕಲ್ಲಿನ ಹರಳು ಅಂತ ನುಂಗುತ್ತವೆ. ಇಂಗ್ಲೆಂಡಿನಲ್ಲಿ ಹಂಸಗಳು ಹೀಗೆ ಸತ್ತು ಸತ್ತು, 1987ರಲ್ಲಿ 28 ಗ್ರಾಂವರೆಗಿನ ಸೀಸದ ಗಾಳದ ಗುಂಡುಗಳ ಮಾರಾಟ ನಿಲ್ಲಿಸಿದರು. ಅದಕ್ಕೇ ನನ್ನ ಅಚ್ಚು 30ರಿಂದ ಶುರು. ಹಗುರದ್ದು ಬೇಕಾದರೆ ಕಬ್ಬಿಣದ ನಟ್ ಕಟ್ಟಿಕೊಳ್ಳಿ, ಮೀನು ಕೇಳುವುದಿಲ್ಲ.

ಕಟ್ಟುವ ರೀತಿ: ದಾರಕ್ಕೆ ಮೊದಲು ಗುಂಡು, ಅದರ ಕೆಳಗೆ ಒಂದು ಪ್ಲಾಸ್ಟಿಕ್ ಮಣಿ, ಆಮೇಲೆ ಸ್ವಿವೆಲ್ (ದಾರ ತಿರುಚಿಕೊಳ್ಳದ ಹಾಗೆ ತಿರುಗುವ ಕೊಂಡಿ), ಅಲ್ಲಿಂದ ಒಂದು ಅಡಿ ದಾರ, ತುದಿಗೆ ಗಾಳ. ಗುಂಡು ತಳದಲ್ಲಿ ಕೂತಿರುತ್ತದೆ. ಮೀನು ಎಳೆದರೆ ದಾರ ತೂತಿನೊಳಗೆ ಜಾರುತ್ತದೆ, ಅದಕ್ಕೆ ಭಾರ ತಾಗುವುದಿಲ್ಲ. ಮಣಿ ಇಲ್ಲದಿದ್ದರೆ ಗುಂಡು ಗಂಟನ್ನು ಕುಟ್ಟಿ ಕುಟ್ಟಿ ಸಡಿಲ ಮಾಡುತ್ತದೆ. ಕೆರೆಯಲ್ಲಿ ಗಾಳ ಹಾಕುವ ಮುಂಚೆ ಅದನ್ನು ಗುತ್ತಿಗೆ ಹಿಡಿದವರನ್ನು ಕೇಳಿ. ವನ್ಯಜೀವಿ ಧಾಮದೊಳಗಂತೂ ಅನುಮತಿ ಇಲ್ಲದೆ ಕೈ ಹಾಕುವ ಹಾಗಿಲ್ಲ.

ಹೋದ ತಿಂಗಳು ಮದ್ದೂರು ಕಡೆ ನನ್ನ ಷಡ್ಡಕನ ತೋಟದ ಪಕ್ಕದ ಕೆರೆಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಎರಡನೇ ಎಸೆತಕ್ಕೇ ಗುಂಡು ನೀರೊಳಗಿನ ಜಾಲಿ ಬೇರಿಗೆ ಸಿಕ್ಕಿಕೊಂಡಿತು. ಆಚೆ ಎಳೆದೆ, ಈಚೆ ಎಳೆದೆ, ದಾರ ಕಡಿಯಿತು. ಒಂದು ಪಂದ್ಯ ಪೂರ್ತಿ ಹೋಯಿತಲ್ಲಮ್ಮ ಅಂದೆ.

"ಹೋಗ್ಲಿ ಬಿಡಿ ಮಾವ" ಅಂದಳು. "ಆ ಪಂದ್ಯದಲ್ಲಿ ಹತ್ತು ಬಿದ್ದೇ ಇರ್ಲಿಲ್ಲ, ಬರೀ ಎಂಟೇ."